ಕಾರ್ಬೈಡ್ ವಾಸನೆಯ ಕೈ

ಹೋದ ವಾರ ನಂಜನಗೂಡಿನ ಬಸ್ ನಿಲ್ದಾಣದ ಎದುರು ತಳ್ಳುಗಾಡಿಯವನ ಹತ್ತಿರ ಮಾವಿನಹಣ್ಣು ಆರಿಸುತ್ತಿದ್ದೆ. ಬಣ್ಣವೇನೋ ಚೆನ್ನಾಗಿತ್ತು, ಮೂಗಿಗೆ ಹಿಡಿದರೆ ಹಣ್ಣಿನ ವಾಸನೆಯೇ ಇಲ್ಲ. ಬುಟ್ಟಿಯ ತಳದ ಹುಲ್ಲಿನೊಳಗಿಂದ ಬೇರೊಂದು ವಾಸನೆ ಬಂತು. ಬೆಳ್ಳುಳ್ಳಿ ಜಜ್ಜಿ ಸುಣ್ಣದ ನೀರಿಗೆ ಹಾಕಿದ ಹಾಗೆ... ಕಾರ್ಬೈಡ್. ಕಾಯಿ ಬೇಗ ಹಣ್ಣಾಗಲಿ ಎಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಇಡುತ್ತಾರಲ್ಲ, ಅದು. ಕೇಳಿದರೆ, "ಇಲ್ಲ ಕಣಕ್ಕ, ಮರದಲ್ಲೇ ಆದ ಅಣ್ಣು" ಎಂದ. ಇಂಥ ಮಾತಿಗೆ ನಾನು ಸುಮ್ಮನಿರುವವಳಲ್ಲ. ನನ್ನ ಬಾಯಿಯ ಬಗ್ಗೆ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ವಾಸನೆ ಬಂದರೆ ಮಾತ್ರ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೊಟ್ಟಷ್ಟು ಹಣ್ಣು ತೆಗೆದುಕೊಂಡು ಮನೆಗೆ ಬಂದೆ.

ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾವು ತಿರುಮಕೂಡಲು ನರಸೀಪುರದಲ್ಲಿದ್ದೆವು. ನಮ್ಮ ಯಜಮಾನರು ನಂಜನಗೂಡಿನ ಹತ್ತಿರದ ತಾಂಡ್ಯದ ಒಂದು ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದೆ. ಗಾಜಿನ ಬಾಗಿಲು, ಒಳಗೊಂದು ಸ್ಟೂಲು, ಹೊರಗೆ ಮೀಟರ್ ಹತ್ತಿರ ನಾನು. ಪಕ್ಕದ ಗೋಡೆಗೆ ಅಂಟಿಕೊಂಡಂತೆ ಗ್ಯಾಸ್ ವೆಲ್ಡಿಂಗ್ ಅಂಗಡಿ. ಅಂಗಡಿಯ ಹಿಂದೆಯೇ ಅವರ ಮನೆ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಕೆ ನನ್ನನ್ನು ಫೋನವ್ವ ಎನ್ನುತ್ತಿದ್ದಳು.

ವೆಲ್ಡಿಂಗ್‌ನವನ ಕೆಲಸಕ್ಕೆ ಸುತ್ತಲಿನ ಹಳ್ಳಿಯಲ್ಲೆಲ್ಲ ಹೆಸರಿತ್ತು. ಆದರೆ ಕೆಲಸದ ಅರ್ಧ ಅಕ್ಕನದು. ಬೆಳಿಗ್ಗೆ ಡ್ರಮ್ಮಿಗೆ ಕಾರ್ಬೈಡ್ ಕಲ್ಲು ಹಾಕಿ, ನೀರು ಬಿಟ್ಟು, ಗ್ಯಾಸ್ ಎಷ್ಟು ಬರುತ್ತಿದೆ ಎಂದು ಶಬ್ದದಲ್ಲೇ ಹೇಳುವವಳು ಅವಳು. ಸಂಜೆ ಡ್ರಮ್ಮಿನೊಳಗೆ ಉಳಿದ ಸುಣ್ಣದ ರೊಚ್ಚನ್ನು ಬರಿಗೈಯಲ್ಲಿ ತೆಗೆದು ಹೊರಗೆ ಹಾಕುವವಳೂ ಅವಳೇ. ಅಂಗೈ ತುಂಬ ಬಿರುಕು. ಅನ್ನ ಕಲಸುವಾಗ ಸಾರಿನ ಖಾರ ಆ ಬಿರುಕಿಗಿಳಿದು ಮುಖ ಕಿವುಚುತ್ತಿದ್ದಳು. ಎಷ್ಟು ಸೋಪು ಹಾಕಿ ತೊಳೆದರೂ ಆ ಕೈಯಿಂದ ಕಾರ್ಬೈಡ್ ವಾಸನೆ ಹೋಗುತ್ತಿರಲಿಲ್ಲ. ವೆಲ್ಡಿಂಗ್ ಟಾರ್ಚಿಗೆ ಕಿಡಿ ಹೊತ್ತಿಸುವ ಕಬ್ಬಿಣದ ಲೈಟರ್ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಹಿಡಿ ಒತ್ತಿದರೆ ಚರಕ್ ಎಂದು ಕಿಡಿ ಹಾರುತ್ತದೆ, ಅಂಥದ್ದು. ಗಂಡ ಅದನ್ನು ಎಲ್ಲೆಲ್ಲೋ ಬಿಸಾಕುತ್ತಾನೆಂದು ಕೆಲವೊಮ್ಮೆ ಅವಳು ಸೊಂಟದ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಅವನು ಹೊಡೆಯುತ್ತಿದ್ದ. ಕುಡಿದು ಹೊಡೆಯುವವರನ್ನು ನಾನು ನೋಡಿದ್ದೇನೆ, ಇವನು ಕುಡಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ, ಗಿರಾಕಿ ಚೌಕಾಸಿ ಮಾಡಿದರೆ, ಬಿಸಿಲು ಜಾಸ್ತಿಯಾದರೆ... ಸೊಂಟದಿಂದ ಬೆಲ್ಟು ಬಿಚ್ಚುತ್ತಿದ್ದ. ಮೂರು ಬೆರಳಗಲದ ಚರ್ಮದ ಬೆಲ್ಟು, ಹಿತ್ತಾಳೆಯ ಬಕಲ್. ಗೋಡೆಯಾಚೆ ಮೊದಲು ಬಕಲ್ಲಿನ ಗಿಲಕು ಕೇಳುತ್ತಿತ್ತು, ಆಮೇಲೆ ಏಟು. ಅಕ್ಕ ಕೂಗುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದ ಗಿರಾಕಿಗಳು ಒಂದು ಕ್ಷಣ ನಿಲ್ಲಿಸಿ, ಮೀಟರ್ ಓಡುವುದನ್ನು ನೋಡಿ, ಮತ್ತೆ ಮಾತು ಮುಂದುವರಿಸುತ್ತಿದ್ದರು. ನಾನು ಒಂದೆರಡು ಸಲ ಹೋಗಿ ಜಗಳ ಮಾಡಿದೆ. ಮಾಡಿದ ದಿನವೆಲ್ಲ ಅವಳಿಗೆ ಇನ್ನೆರಡು ಏಟು ಹೆಚ್ಚಿಗೆ ಬೀಳುತ್ತಿದ್ದವು. "ಸುಮ್ನಿರು ಫೋನವ್ವ, ನೀ ಬಾಯ್ ಬುಟ್ರೆ ನನ್ ಬೆನ್ನಿಗೆ ಬತ್ತದೆ" ಎಂದು ಅವಳೇ ಹೇಳಿದಳು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಾದೆ. ಸುಮ್ಮನಿರುವುದನ್ನು ಕಲಿತೆ ಎಂದುಕೊಂಡಿದ್ದೆ.

ಒಂದು ಭಾನುವಾರ ನಾವು ಮೂವರೂ ಗವಿಗೆ ಹೋದೆವು.

ನಂಜನಗೂಡಿಗೆ ಹೋಗುವ ದಾರಿಯಲ್ಲಿ ಬಸ್ ಇಳಿದು, ಹೊಲದ ಬದುವಿನಲ್ಲಿ ಅರ್ಧ ಗಂಟೆ ನಡೆದರೆ ಒಂದು ಕಲ್ಲುಗುಡ್ಡ ಸಿಗುತ್ತದೆ. ಅದರ ಹೊಟ್ಟೆಯೊಳಗೆ ಒಂದರೊಳಗೊಂದು ಮೂರು ಗವಿ. ಮೊದಲನೆಯದರಲ್ಲಿ ಯಾವ ಕಾಲದಲ್ಲೋ ಐಕ್ಯರಾದ ಶರಣರೊಬ್ಬರ ಗದ್ದುಗೆ, ಅದರ ಮುಂದೆ ಆರದ ದೀಪ. ಮೂರನೆಯದರಲ್ಲಿ ನೀರಿನ ಮಡು. ಭಕ್ತರು ಕಾಲು ಜಾರಿ ಮಡುವಿಗೆ ಬೀಳುತ್ತಾರೆಂದು ಅಡ್ಡಕ್ಕೆ ಕಬ್ಬಿಣದ ಗ್ರಿಲ್ ಹಾಕಿಸಲು ಊರಿನವರು ವೆಲ್ಡಿಂಗ್‌ನವನಿಗೆ ಹೇಳಿದ್ದರು. ಅವನು ಅಳತೆ ತೆಗೆದುಕೊಳ್ಳಲು ಹೊರಟ. ಟೇಪು ಹಿಡಿಯಲು ಅಕ್ಕ ಬೇಕು. ಅಕ್ಕ, ಫೋನವ್ವನನ್ನೂ ಕರೆದುಕೊಂಡು ಹೋಗೋಣ, ಹಾಗೇ ನಂಜನಗೂಡು ನೋಡಿಕೊಂಡು ಬರೋಣ ಎಂದಳಂತೆ. ಅವನು ಅವತ್ತು ಯಾಕೋ ಒಪ್ಪಿಕೊಂಡ. ನನಗೂ ಫೋನ್ ಲೈನು ಎರಡು ದಿನದಿಂದ ಸತ್ತಿತ್ತು, ಬಾಗಿಲು ಹಾಕಿ ಹೊರಟೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ಅವಳು ಗಂಡನ ಜೊತೆ ಬಸ್ಸು ಹತ್ತಿದ್ದು. ಹಸಿರು ಸೀರೆ ಉಟ್ಟು, ಚಿತ್ರಾನ್ನ ಕಟ್ಟಿಕೊಂಡು, ಮಡಿಲಲ್ಲಿ ಕಾರ್ಬೈಡ್ ದೀಪ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು.

ಆ ದೀಪವನ್ನು ಅವನೇ ಹಿತ್ತಾಳೆ ಡಬ್ಬಿಗಳಲ್ಲಿ ಮಾಡಿದ್ದ. ಕೆಳಗೆ ಕಾರ್ಬೈಡ್, ಮೇಲೆ ನೀರು. ತಿರುಪು ಸಡಿಲಿಸಿದರೆ ನೀರು ತೊಟ್ಟಿಕ್ಕಿ ಗ್ಯಾಸ್ ಬರುತ್ತದೆ, ಮೂತಿಗೆ ಬೆಂಕಿ ತಾಗಿಸಿದರೆ ಬೆಳ್ಳನೆಯ ಬೆಳಕು. ಮಾಡಿದ್ದು ಅವನು, ಅದನ್ನು ಉರಿಸಲು ಬರುತ್ತಿದ್ದದ್ದು ಅವಳಿಗೆ. ನೀರಿನ ತಿರುಪನ್ನು ಅವನು ಮುಟ್ಟಿದರೆ ದೀಪ ಒಂದೋ ಭುಗ್ಗೆನ್ನುತ್ತಿತ್ತು, ಇಲ್ಲ ಆರುತ್ತಿತ್ತು.

ಗವಿಯ ಬಾಯಿಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಗದ್ದುಗೆಗೆ ಎಣ್ಣೆ ಬತ್ತಿ ನೋಡಿಕೊಳ್ಳುವವಳು. ಅಲ್ಲಿನ ಕಟ್ಟಳೆ ಕಡಕ್ಕಾಗಿತ್ತು. ಒಳಗೆ ಚರ್ಮ ಹೋಗಕೂಡದು, ಹೊಗೆಸೊಪ್ಪು ಹೋಗಕೂಡದು, ಹೊರಗಿನ ಬೆಂಕಿ ಹೋಗಕೂಡದು. ದೀಪ ಬೇಕಾದರೆ ಗದ್ದುಗೆಯ ದೀಪದಿಂದಲೇ ಹಚ್ಚಿಕೊಳ್ಳಬೇಕು. ಅಜ್ಜಿ ಅವನ ಮುಂದೆ ಒಂದು ಬಿದಿರಿನ ಮಂಕರಿ ಹಿಡಿದಳು. "ಮೆಟ್ಟು, ಬೀಡಿ, ಬೆಂಕಿಪೊಟ್ಣ... ಆ ನಡುಪಟ್ಟೀನೂ ಬುಚ್ಚಪ್ಪ." ಅವನು ಅಕ್ಕನ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಬೆಲ್ಟು ಬಿಚ್ಚಿ ಮಂಕರಿಗೆ ಹಾಕಿದಾಗ ಅದೇ ಗಿಲಕು ಸದ್ದು. ಅಕ್ಕನ ಭುಜ ಅಭ್ಯಾಸಬಲದಿಂದ ಕುಗ್ಗಿದ್ದನ್ನು ನಾನು ಕಂಡೆ. ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವನು ಒಳಗೆ ಬಗ್ಗಿದ. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದೆ.

ಮೊದಲನೆಯ ಗವಿ ತಂಪಾಗಿತ್ತು. ಅಕ್ಕ ಗದ್ದುಗೆಗೆ ನಮಸ್ಕರಿಸಿ, ಅಲ್ಲಿಂದ ಒಂದು ಬತ್ತಿಯಲ್ಲಿ ಬೆಂಕಿ ತಂದು ನಮ್ಮ ದೀಪ ಹಚ್ಚಿದಳು. ಎರಡನೆಯದಕ್ಕೆ ಬಗ್ಗಿ ನಡೆಯಬೇಕು, ಮೇಲೆಲ್ಲ ಬಾವಲಿ, ಗೋಡೆಯಿಂದ ಜಿನುಗುವ ನೀರು. ಮೂರನೆಯದಕ್ಕೆ ಹೊಟ್ಟೆಯ ಮೇಲೆ ತೆವಳಬೇಕಾದ ಕಿಂಡಿ. ಒಳಗೆ ಎದ್ದು ನಿಂತರೆ ತಲೆಯ ಮೇಲೆ ಎಷ್ಟೋ ಎತ್ತರ, ಕಾಲ ಹತ್ತಿರವೇ ಕಪ್ಪು ನೀರು. ಅಕ್ಕ ದೀಪ ಎತ್ತಿ ಸುತ್ತ ತೋರಿಸಿದಳು. ಕಲ್ಲಿನ ಮೇಲೆ ಅಭ್ರಕದ ಚೂರುಗಳು ಮಿನುಗಿದವು. "ಎಷ್ಟ್ ಚಂದಾಗದೆ" ಎಂದಳು. ಅಷ್ಟು ದೊಡ್ಡ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಳತೆ ಶುರುವಾಯಿತು. ಟೇಪಿನ ಒಂದು ತುದಿ ಅವನದು, ಇನ್ನೊಂದು ತುದಿಯೂ ದೀಪವೂ ಅಕ್ಕನದು. ಅವನು ನಾಲ್ಕೂವರೆ ಅಡಿ ಎಂದ. ಅಕ್ಕ ಬೆಳಕು ಹತ್ತಿರ ಹಿಡಿದು, "ಐದೂಕಾಲು ಅದೆ, ನೋಡಿ" ಎಂದಳು. ಅವನು ಮತ್ತೆ ನಾಲ್ಕೂವರೆ ಎಂದ. ನಾನು ಇಣುಕಿ ನೋಡಿ, "ಐದೂಕಾಲೇ ಕಣ್ ಭಾವ" ಎಂದೆ. ಅಷ್ಟೇ. ಅವನ ಕೈ ಸೊಂಟಕ್ಕೆ ಹೋಯಿತು, ಬೆಲ್ಟು ಇರಲಿಲ್ಲ. ಆ ಕೋಪಕ್ಕೋ ಏನೋ ಮುಷ್ಟಿ ಕಟ್ಟಿ ಅವಳ ಕಿವಿಯ ಮೇಲೆ ಗುದ್ದಿದ. ದೀಪ ಕೈಯಿಂದ ಹಾರಿ ಕಲ್ಲಿಗೆ ಬಡಿದು ಉರುಳಿತು. ಬೆಳಕು ಹೋಯಿತು.

ಅಂಥ ಕತ್ತಲೆಯನ್ನು ನಾನು ಮತ್ತೆ ಕಂಡಿಲ್ಲ. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ನಾನು ಕೂಗಲು ಬಾಯಿ ತೆರೆದೆ. ತೆರೆಯುವುದಕ್ಕೂ ಒಂದು ಕೈ ಬಂದು ನನ್ನ ಬಾಯಿ ಮುಚ್ಚುವುದಕ್ಕೂ ಸರಿಹೋಯಿತು. ಬಿರುಕುಬಿಟ್ಟ ಅಂಗೈ, ಕಾರ್ಬೈಡ್ ವಾಸನೆ. ಅಕ್ಕ ನನ್ನನ್ನು ಗೋಡೆಗೆ ಒತ್ತಿ ಹಿಡಿದು ಕೂರಿಸಿದಳು. ನನ್ನ ತೊಡೆಗೆ ಅವಳ ಸೊಂಟದ ಗೊಂಚಲು ಒತ್ತಿತು. ಅದರಲ್ಲಿ ಲೈಟರ್ ಇತ್ತು. ಹೊರಗಿನ ಬೆಂಕಿ ತರಕೂಡದೆಂದು ಅಜ್ಜಿ ಹೇಳಿದಾಗ ಅವಳಿಗೇ ಅದರ ನೆನಪಾಗಿರಲಿಲ್ಲವೋ, ಬೇಕೆಂದೇ ತೆಗೆಯಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವನಂತೂ ಅದು ಅಂಗಡಿಯ ಮೊಳೆಯಲ್ಲಿದೆ ಎಂದೇ ತಿಳಿದಿದ್ದ.

"ದೀಪ ಎಲ್ ಬಿತ್ತಮ್ಮಿ" ಎಂದ. "ಕಿವಿ ಕೇಳಲ್ವಾ? ಕೈಗ್ ಸಿಕ್ಕು, ಇಲ್ಲೇ ಊತಾಕ್ ಬುಡ್ತೀನಿ." ಅವನು ಕತ್ತಲೆಗೆ ಕೈ ಬೀಸುವ ಸದ್ದು ಕೇಳುತ್ತಿತ್ತು. ಗಾಳಿಗೆ ಗುದ್ದುತ್ತಿದ್ದ. ಬೈಗುಳದ ಜೊತೆಗೆ ಒಂದೊಂದು ಗುದ್ದು. ನಮ್ಮಿಂದ ಒಂದು ಮಾರು ದೂರದಲ್ಲಿ ಅವನ ಕಾಲು ಸರಿದು ಹೋಯಿತು, ಬೆವರಿನ ವಾಸನೆ ಮುಖಕ್ಕೆ ಬಂತು. ಅಕ್ಕ ಉಸಿರು ಬಿಗಿಹಿಡಿದಳು. ಅವನಿಗೆ ಏನೋ ಕೈಗೆ ತಾಗಿರಬೇಕು, ಅವಳೇ ಎಂದುಕೊಂಡು ಇಡೀ ಮೈಯ ಬಲ ಹಾಕಿ ಹೊಡೆದ. ಅದು ಬಂಡೆ. ಮೂಳೆ ಮುರಿದ ಸದ್ದು ಆ ಗವಿಯಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಈಗಲೂ ಒಣ ಸೌದೆ ಮುರಿಯುವಾಗ ನಾನು ಬೆಚ್ಚುತ್ತೇನೆ. ಅವನು ಕಿರುಚಿಕೊಂಡು ಬಿದ್ದ. ಒಂದು ಕಾಲು ನೀರಿಗೆ ಹೋದ ಸದ್ದೂ ಬಂತು.

ನನಗೆ ಖುಷಿಯಾಯಿತು. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನಾಗಬೇಕು. ಇನ್ನೊಂದು ಕೈಯೂ ಮುರಿಯಲಿ ಎಂದುಕೊಂಡೆ.

ಸ್ವಲ್ಪ ಹೊತ್ತು ಬೈದ. ಆಮೇಲೆ ಬೈಗುಳ ಕಡಿಮೆಯಾಯಿತು. ನಮ್ಮನ್ನು ಕರೆದ. ನಾವು ನೀರಿಗೆ ಬಿದ್ದೆವೇನೋ, ಅಥವಾ ಅವನನ್ನು ಬಿಟ್ಟು ಹೊರಟೆವೇನೋ ಎಂಬ ಭಯ ಅವನಿಗೆ ಮೆಲ್ಲಗೆ ಹತ್ತುತ್ತಿರುವುದು ದನಿಯಲ್ಲೇ ತಿಳಿಯುತ್ತಿತ್ತು. ಕೊನೆಗೆ ಅಳಲು ಶುರುಮಾಡಿದ. "ಅವ್ವಾ... ಕತ್ಲು ಕಣವ್ವಾ..." ಸತ್ತು ಎಷ್ಟೋ ವರ್ಷವಾಗಿದ್ದ ತಾಯಿಯನ್ನು ಕರೆದ. "ಅಮ್ಮಿ, ಬುಟ್ಬುಟ್ ಓಗ್ಬ್ಯಾಡ ಕಣಮ್ಮಿ" ಎಂದು ಹೆಂಡತಿಯನ್ನು ಕರೆದ. ಮೂಗು ಸುರಿಸಿಕೊಂಡು ಚಿಕ್ಕ ಮಕ್ಕಳ ಹಾಗೆ ಬಿಕ್ಕಿದ. ಅಕ್ಕ ಅಲುಗಾಡಲಿಲ್ಲ. ನನ್ನ ಬಾಯಿಯ ಮೇಲಿನ ಕೈ ಮಾತ್ರ ಮೆಲ್ಲಮೆಲ್ಲಗೆ ಸಡಿಲವಾಯಿತು. ಅವಳು ಕೇಳುತ್ತಿದ್ದಳು. ಹನ್ನೊಂದು ವರ್ಷ ಕಾದಿದ್ದ ಯಾವುದನ್ನೋ ಕೇಳುವವಳ ಹಾಗೆ ಕೇಳುತ್ತಿದ್ದಳು...

ಎಷ್ಟು ಹೊತ್ತಾಯಿತೋ. ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು. ಕಾಲಿಗೆ ತಾಗಿದ್ದ ದೀಪವನ್ನು ಎತ್ತಿಕೊಂಡು, ಗೋಡೆ ಸವರುತ್ತ ಕಿಂಡಿ ಹುಡುಕಿದಳು. ಸದ್ದಿಲ್ಲದೆ ತೆವಳಿ ಎರಡನೆಯ ಗವಿಗೆ ಬಂದೆವು. ಅಲ್ಲಿಗೂ ಅವನ ಅಳು ಸಣ್ಣಗೆ ಕೇಳುತ್ತಿತ್ತು. ನಾನು ಅವಳ ಕಿವಿಯಲ್ಲಿ, "ಬುಟ್ಟೋಗಾನ ನಡಿ ಅಕ್ಕ" ಎಂದೆ. ನಿಜವಾಗಿಯೂ ಹಾಗೇ ಹೇಳಿದೆ.

ಅವಳು, "ಬುಟ್ಟೋದ್ರೆ ನಾನೂ ಇಲ್ಲೇ ಉಳ್ಕೊಂಡಂಗೆ ಕಣವ್ವ" ಎಂದಳು. ಗೋಡೆಯಲ್ಲಿ ಜಿನುಗುವ ನೀರನ್ನು ಕೈಯಲ್ಲಿ ಹಿಡಿದು ದೀಪಕ್ಕೆ ತುಂಬಿದಳು. ಕತ್ತಲಲ್ಲೇ ಮೂತಿ ಊದಿ ಸರಿಮಾಡಿದಳು. ಲೈಟರಿನ ಹಿಡಿಯನ್ನು ಸೆರಗಿನಲ್ಲಿ ಸುತ್ತಿ, ಸದ್ದು ಕೇಳದ ಹಾಗೆ ಒತ್ತಿದಳು. ಎರಡು ಸಲ ಕಿಡಿ ಬಂತು, ಮೂರನೆಯದಕ್ಕೆ ದೀಪ ಹತ್ತಿತು. ಬೆಳಕಲ್ಲಿ ನೋಡಿದರೆ ಅವಳ ಕಿವಿಯಿಂದ ಕತ್ತಿಗೆ ರಕ್ತ ಇಳಿದಿತ್ತು, ಅವಳು ಅದನ್ನು ಒರೆಸಿಕೊಂಡಿರಲೇ ಇಲ್ಲ.

ಕಿಂಡಿಯಲ್ಲಿ ಬೆಳಕು ಕಂಡ ಕೂಡಲೇ ಅವನ ಅಳು ನಿಂತಿತು. "ಗದ್ಗೆ ತಾವ್ಲಿಂದ ಬೆಂಕಿ ತಂದೆ" ಎಂದಳು ಅಕ್ಕ. "ದೀಪ ಆರಿದ್ ಗಳ್ಗೇಲೇ ಓದೊ ನಾವು." ಅವನು ನಂಬಿದ. ನಂಬದೆ ಇರಲು ಅವನಿಗೆ ಧೈರ್ಯವಿರಲಿಲ್ಲ. ಆ ಕತ್ತಲಲ್ಲಿ ತೆವಳಿಕೊಂಡು ಹೋಗಿ ಶರಣರ ದೀಪದಿಂದ ತನಗಾಗಿ ಬೆಳಕು ತಂದಳು, ತಾನು ಅತ್ತದ್ದನ್ನು ಯಾರೂ ಕೇಳಲಿಲ್ಲ ಎಂದೇ ತಿಳಿದ. ಹೊರಗೆ ಬಂದು ಅಜ್ಜಿಗೂ ಆ ಬೆಳಕಿನ ಕಥೆ ಹೇಳಿದ. ಅಜ್ಜಿ ಅಕ್ಕನ ತಲೆ ಸವರಿ, "ಶರಣ್ರೇ ಕೈ ಇಡ್ದು ಕರ್ಕೊಂಡೋಗವ್ರೆ ಕಣವ್ವ ನಿನ್ನ" ಎಂದಳು. ಅಕ್ಕ ಸೆರಗನ್ನು ಸೊಂಟದ ಗೊಂಚಲಿನ ಮೇಲೆ ಎಳೆದುಕೊಂಡಳು. ಮಂಕರಿಯಿಂದ ಬೆಲ್ಟು ಕೊಟ್ಟರು. ಬಲಗೈ ಊದಿ ಬೆಂಡಾಗಿತ್ತು, ಅವನಿಗೆ ಕಟ್ಟಿಕೊಳ್ಳಲಾಗಲಿಲ್ಲ. ಅಕ್ಕನೇ ಮಂಡಿಯೂರಿ, ಅವನ ಸೊಂಟಕ್ಕೆ ಬೆಲ್ಟು ಸುತ್ತಿ ಬಕಲ್ ಹಾಕಿದಳು.

ಟ್ರ್ಯಾಕ್ಟರ್ ಒಂದು ಸಿಕ್ಕಿತು, ನಂಜನಗೂಡಿಗೆ ಹೋದೆವು. ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಸಂಜೆಯವರೆಗೆ ಮಲಗಿರಲಿ ಎಂದರು. ಅವನಿಗೆ ನಿದ್ದೆ ಬಂತು. ಅಕ್ಕ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಅವನನ್ನು ನೋಡಿ, "ಬಾ ಫೋನವ್ವ, ಊರ್ ನೋಡಾನ" ಎಂದಳು.

ನಂಜನಗೂಡು ಚಿಕ್ಕ ಊರು. ಈಗ ಇಲ್ಲೇ ಇದ್ದೇನೆ, ಬೀದಿ ಬೀದಿಯೂ ಗೊತ್ತು, ಬೇಸರವೂ ಬರುತ್ತದೆ. ಆದರೆ ಅವತ್ತಿನ ಮೂರು ಗಂಟೆಯಲ್ಲಿ ಅವಳ ಜೊತೆ ಕಂಡ ನಂಜನಗೂಡು ಮತ್ತೆ ನನಗೆ ಸಿಗಲಿಲ್ಲ. ದೇವಸ್ಥಾನದ ಬೀದಿಯ ಬಳೆ ಅಂಗಡಿಯಲ್ಲಿ ಕೂತು ಒಂದು ಡಜನ್ ಹಸಿರು ಬಳೆ ಇಡಿಸಿಕೊಂಡಳು. ಪಾತ್ರೆ ಅಂಗಡಿಯಲ್ಲಿ ಒಂದು ಬಿಂದಿಗೆಯ ಬೆಸುಗೆಯನ್ನು ಉಗುರಲ್ಲಿ ತಟ್ಟಿ ನೋಡಿ, "ಇದು ಎರಡ್ ತಿಂಗ್ಳೂ ತಡೆಯಲ್ಲ" ಎಂದು ಅಂಗಡಿಯವನಿಗೇ ಹೇಳಿದಳು, ಅವನು ನಕ್ಕು ಒಪ್ಪಿಕೊಂಡ. ರಸಬಾಳೆ ಹಣ್ಣು ಕೊಂಡೆವು. ಹೊಳೆಯ ಮೆಟ್ಟಿಲಲ್ಲಿ ಕೂತು, ಕಪಿಲೆಗೆ ಕಾಲು ಇಳಿಬಿಟ್ಟು, ಅವಳು ಒಬ್ಬಳೇ ಆರು ಹಣ್ಣು ತಿಂದಳು. ಸೇತುವೆಯ ಮೇಲೆ ರೈಲು ಹೋಯಿತು. ಕಿವಿಯ ಒಣಗಿದ ರಕ್ತವನ್ನು ಹೊಳೆನೀರಲ್ಲಿ ತೊಳೆದುಕೊಂಡಳು. "ಇಲ್ಲಿ ಯಾರ್ಗೂ ನಾನ್ಯಾರು ಅಂತ ಗೊತ್ತಿಲ್ಲ ಅಲ್ವಾ" ಎಂದಳು. ಅದನ್ನೇ ಮತ್ತೊಂದು ಸಲ ಹೇಳಿದಳು.

ಆಮೇಲೆ ನನ್ನ ಅಂಗೈಗೆ ಹೊಳೆಯ ನೀರು ಹಾಕಿ ಆಣೆ ಮಾಡಿಸಿದಳು. ಲೈಟರ್ ಮಾತು ಯಾವತ್ತೂ ನನ್ನ ಬಾಯಿಂದ ಬರಕೂಡದು. "ಗೊತ್ತಾದ್ರೆ ನನ್ನ ಉಳ್ಸಲ್ಲ ಕಣವ್ವ. ವೊಡೆಯೋದ್ ಬುಡ್ತಾನೆ ಅಂತ ನಂಗೇನ್ ಆಸೆ ಇಲ್ಲ. ಆದ್ರೆ ಇನ್ಮೇಕೆ ಅವ್ನು ಕೈ ಎತ್ತಿದಾಗ್ಲೆಲ್ಲ ನಂಗೆ ಆ ಅಳು ಕೇಳುಸ್ತದೆ. ಅಷ್ಟ್ ಸಾಕು." ನಾನು ನೀರನ್ನು ಹೊಳೆಗೆ ಬಿಟ್ಟು ಆಣೆ ಮಾಡಿದೆ.

ಆರು ವಾರ ಅವನ ಕೈಗೆ ಪ್ಲಾಸ್ಟರ್ ಇತ್ತು. ಅಂಗಡಿಯನ್ನು ಅಕ್ಕನೇ ನಡೆಸಿದಳು. ಕಪ್ಪು ಕನ್ನಡಕ ಹಾಕಿಕೊಂಡು, ಸೀರೆಯ ಮೇಲೆ ಅವನ ಹಳೆಯ ಶರ್ಟು ತೊಟ್ಟು ಟಾರ್ಚು ಹಿಡಿದು ಕೂರುತ್ತಿದ್ದಳು. ಅವಳ ಬೆಸುಗೆ ಸಾಲಾಗಿ ಜೋಡಿಸಿದ ನಾಣ್ಯದ ಹಾಗೆ ಸಮವಾಗಿ ಬೀಳುತ್ತಿತ್ತು. ಗವಿಗೆ ಗ್ರಿಲ್ ಮಾಡಿದ್ದೂ ಅವಳೇ, ಐದೂಕಾಲು ಅಡಿ. ಅವನು ಸ್ಟೂಲಿನಲ್ಲಿ ಕೂತು, ಬಂದವರಿಗೆಲ್ಲ ಶರಣರ ಬೆಳಕಿನ ಕಥೆ ಹೇಳುತ್ತಿದ್ದ. ಕೈ ಸರಿಹೋದ ಮೇಲೂ ಮೂರು ನಾಲ್ಕು ತಿಂಗಳು ಬೆಲ್ಟಿನ ಗಿಲಕು ಕೇಳಲಿಲ್ಲ. ಶರಣರ ಭಯ ಅವನನ್ನು ಹಿಡಿದಿತ್ತು. ಆಮೇಲೆ ಅದೂ ಹಳೆಯದಾಯಿತು. ಮೊದಲು ಒಂದು ಕಪಾಳದೇಟು, ವಾರ ಬಿಟ್ಟು ಇನ್ನೊಂದು, ಮತ್ತೆ ಬೆಲ್ಟು. ಆದರೆ ಅಕ್ಕ ಬೇರೆಯವಳಾಗಿದ್ದಳು. ಏಟು ಬಿದ್ದ ಮಾರನೆಯ ದಿನ ನನ್ನ ಬೂತಿಗೆ ಬಂದು, ಕಣ್ಣಿನ ಕೆಳಗೆ ಊದಿಕೊಂಡಿದ್ದರೂ, ಮೆಲ್ಲಗೆ ನಗುತ್ತಿದ್ದಳು. "ನಿನ್ನೆನೂ ಆ ಅಳು ಕೇಳುಸ್ತು ಕಣವ್ವ" ಎನ್ನುತ್ತಿದ್ದಳು. ನನಗೆ ಆ ನಗು ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ನಾನು ಆ ಕೆಲಸ ಮಾಡುತ್ತಿರಲಿಲ್ಲ.

ಒಂದು ಸಂಜೆ ಅಂಗಡಿಗೆ ರೈತನೊಬ್ಬ ನೇಗಿಲಿನ ಕೆಲಸಕ್ಕೆ ಬಂದ. "ನೀನು ಬ್ಯಾಡ, ಅಕ್ಕನ ಕೈಲೇ ಹಾಕ್ಸು, ಅವಳ ಬೆಸ್ಗೆ ಬಾಳಿಕೆ ಬತ್ತದೆ" ಎಂದುಬಿಟ್ಟ. ರೈತ ಆ ಕಡೆ ಹೋಗುತ್ತಲೇ ಇವನು ಅಕ್ಕನ ಜಡೆ ಹಿಡಿದು ಅಂಗಡಿಯ ಮುಂದಿನ ಜಲ್ಲಿಯ ಮೇಲೆ ಎಳೆದ. ಮಂಡಿ ತರಚಿ ರಕ್ತ ಬಂತು. ಬಕಲ್ ಇದ್ದ ತುದಿಯಿಂದ ಬೆನ್ನಿಗೆ ಬಾರಿಸಿದ. ಬೀದಿಯೆಲ್ಲ ನಿಂತು ನೋಡುತ್ತಿತ್ತು. ನನ್ನೊಳಗೆ ಅಷ್ಟು ದಿನ ಕೂಡಿಟ್ಟಿದ್ದೆಲ್ಲ ಬಾಯಿಗೆ ಬಂತು. ಬೂತಿನಿಂದ ಹೊರಗೆ ಹಾರಿದೆ.

"ಯಾರ್ ಮೇಲೆ ಕೈ ಮಾಡ್ತಿದ್ದೀಯ? ಆವತ್ತು ಗವಿಯಲ್ಲಿ ಲೈಟರ್ ಅವಳ ಸೊಂಟದಲ್ಲೇ ಇತ್ತು ಕಣೋ. ನಿನ್ನ ಪಕ್ಕದಲ್ಲೇ ಕೂತಿದ್ದೊ ನಾವು. ನೀನು ಅವ್ವಾ ಅವ್ವಾ ಅಂತ ಮೂಗ್ ಸುರ್ಸ್ಕೊಂಡು ಅತ್ತದ್ದನ್ನೆಲ್ಲ ಕೇಳಿದ್ದೀವಿ. ಬಿಟ್ಟು ಬಂದಿದ್ದರೆ ಅಲ್ಲೇ ಕೊಳೀತಿದ್ದೆ. ಪಾಪ ಅಂತ ಉಳಿಸಿದ್ಲು."

ಅವನ ಕೈ ನಿಂತಿತು. ಬೀದಿಯಲ್ಲಿ ಯಾರೋ ಒಬ್ಬ ನಕ್ಕ. ಅವನು ಜಡೆ ಬಿಟ್ಟು, ಸ್ಟೂಲಿನ ಮೇಲೆ ಕೂತು, ತುಂಬ ಮೆತ್ತಗೆ, "ಲೈಟರ್ ಇತ್ತಾ?" ಎಂದು ಅಕ್ಕನನ್ನು ಕೇಳಿದ. ಅಕ್ಕ ಅವನನ್ನು ನೋಡಲಿಲ್ಲ. ಜಲ್ಲಿಯ ಮೇಲೆ ಬಿದ್ದಲ್ಲಿಂದಲೇ ನನ್ನನ್ನು ನೋಡಿದಳು. ನಾನು ಗೆದ್ದೆ ಎಂದುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಅವತ್ತು ಊಟ ಕೂಡ ರುಚಿಯಾಗಿತ್ತು ನನಗೆ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯ ಷಟರ್ ಒಳಗಿನಿಂದ ಇಳಿಯಿತು. ಬಕಲ್ಲಿನ ಗಿಲಕು ಕೇಳಲಿಲ್ಲ. ಬೇರೆ ಸದ್ದು. ಗ್ಯಾಸಿನ ದಪ್ಪ ರಬ್ಬರ್ ಪೈಪು ಗಾಳಿ ಸೀಳುವ ಸದ್ದು, ಆಮೇಲೆ ಕಬ್ಬಿಣ. ಅವನು ಒಂದೇ ಮಾತು ಹೇಳುತ್ತಿದ್ದ, "ಕೇಳ್ತಾ ಕೂತಿದ್ದಾ, ಕೇಳ್ತಾ ಕೂತಿದ್ದಾ." ಹನ್ನೊಂದು ವರ್ಷ ಕೂಗದ ಅಕ್ಕ ಅವತ್ತು ಕೂಗಿದಳು. ನಾನು ಪೊಲೀಸರಿಗೆ ಫೋನ್ ಮಾಡಿ, ಬೀದಿಗೆ ಓಡಿ ಜನ ಕರೆದೆ. ನಾಲ್ಕು ಜನ ಹಾರೆ ಹಾಕಿ ಷಟರ್ ಎತ್ತುವ ಹೊತ್ತಿಗೆ ಅವಳ ಕೂಗು ನಿಂತಿತ್ತು. ಸುಣ್ಣದ ರೊಚ್ಚಿನ ಗುಂಡಿಯ ಪಕ್ಕ ಬಿದ್ದಿದ್ದಳು. ಬಿಳಿಯ ಸುಣ್ಣ, ಕೆಂಪು ರಕ್ತ, ಒಡೆದ ಹಸಿರು ಬಳೆ. ರೊಚ್ಚು ಕಣ್ಣಿಗೆಲ್ಲ ಮೆತ್ತಿತ್ತು. ಅವಳ ಮುಖವನ್ನು ಅದರೊಳಗೆ ಒತ್ತಿ ಹಿಡಿದಿದ್ದ. ಅವನು ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದ. ಪೊಲೀಸರು ಬಂದು ಎಳೆದುಕೊಂಡು ಹೋಗುವವರೆಗೂ ಎದ್ದೇಳಲಿಲ್ಲ. ಅವನಿಗೆ ಶಿಕ್ಷೆಯಾಯಿತು. ಜೈಲಿನಿಂದ ಬಂದ ಮೇಲೆ ಎಲ್ಲಿಗೆ ಹೋದನೋ, ನನಗೆ ತಿಳಿದುಕೊಳ್ಳಬೇಕೆಂದೂ ಅನಿಸಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಒಂದು ತಿಂಗಳು ಇದ್ದಳು. ಎರಡು ಕಣ್ಣೂ ಹೋದವು. ನಾನು ಎರಡನೆಯ ವಾರ ಧೈರ್ಯ ಮಾಡಿ ಹೋದೆ. ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಹಾಸಿಗೆಯ ಪಕ್ಕ ನಿಂತು ಅಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನನ್ನ ಅಳು ಕೇಳಿದಳು.

"ಫೋನವ್ವ ಅಲ್ವಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಂದು ಅಂತ ಅದೊಂದಿತ್ತು ಕಣವ್ವ. ಅವ್ನು ಅತ್ತದ್ದು. ಅದ್ನೂ ಬೀದಿಗ್ ಆಕ್ಬುಟ್ಟೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಮೆಲ್ಲಗೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಅವಳ ಅಣ್ಣ ಬಂದು ನಂಜನಗೂಡಿನ ಆಚೆಯ ಅವರ ಹಳ್ಳಿಗೆ ಕರೆದುಕೊಂಡು ಹೋದ. ಕೆಲವು ವರ್ಷಕ್ಕೆ ಎಲ್ಲರ ಕೈಗೂ ಮೊಬೈಲ್ ಬಂತು, ನನ್ನ ಬೂತು ಮುಚ್ಚಿತು. ನಾವು ಕಾರ್ಖಾನೆಗೆ ಹತ್ತಿರವಾಗಲೆಂದು ನಂಜನಗೂಡಿಗೆ ಮನೆ ಬದಲಿಸಿದೆವು. ಅವಳ ಹಳ್ಳಿ ಇಲ್ಲಿಂದ ಬಸ್ಸಿಗೆ ಅರ್ಧ ಗಂಟೆಯ ದಾರಿ. ಎಷ್ಟೋ ಸಲ ಆ ಬಸ್ಸಿನ ಬಾಗಿಲವರೆಗೂ ಹೋಗಿದ್ದೇನೆ. ಹತ್ತಲಿಲ್ಲ. ಕೊನೆಗೆ ಒಂದು ದಿನ ಪಾತ್ರೆ ಅಂಗಡಿಯಲ್ಲಿ ಅವಳ ಅಣ್ಣನೇ ಸಿಕ್ಕಿ, ಅವಳು ತೀರಿಹೋಗಿ ಎರಡು ವರ್ಷವಾಯಿತು ಎಂದ. ಕಣ್ಣಿಲ್ಲದಿದ್ದರೂ ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದಳಂತೆ. ಕತ್ತಲು ತನಗೆ ಅಭ್ಯಾಸ ಎನ್ನುತ್ತಿದ್ದಳಂತೆ. ಯಾವಾಗಲಾದರೂ ನನ್ನ ಸುದ್ದಿ ಎತ್ತಿದ್ದಳೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ತಂದ ಮಾವಿನಹಣ್ಣನ್ನು ಯಾರೂ ತಿನ್ನಲಿಲ್ಲ. ನಮ್ಮ ಯಜಮಾನರು ವಾಸನೆ ನೋಡಿ, ಇದನ್ನು ಯಾಕೆ ತಂದೆ, ಗಾಡಿಯವನಿಗೆ ನಾಲ್ಕು ಮಾತು ಅನ್ನಬಾರದಿತ್ತೇ ಎಂದರು. ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ದಿನ ಇತ್ತು. ಹೊರಗೆ ಹಾಕುವ ಮೊದಲು, ಆ ವಾಸನೆ ಕೈಗೆ ಹತ್ತಲೆಂದು ಒಂದನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ, ಆ ಅಂಗೈಯನ್ನು ನನ್ನ ಬಾಯಿಯ ಮೇಲೆ ಒತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ನನ್ನ ಕೈ ನುಣ್ಣಗಿದೆ, ಬಿರುಕಿಲ್ಲ... ಅವಳ ಕೈಯಂತೆ ಅದು ಬಾಯಿ ಮುಚ್ಚಲಿಲ್ಲ.